ಹಿಲ್ಸ್‌ಬರೋ ಗುಡಿಯ ರೊಟ್ಟಿ ವ್ಯಾಜ್ಯ

"ರೂಲ್ ಹದಿನಾಲ್ಕು, ಆಂಟಿ. ಪ್ರಧಾನ ಅರ್ಚಕರು ಮನೆಯೊಳಗೆ ಬೇಟೆನಾಯಿ ಸಾಕಬಾರದು. ನೀವು ಸಾಕಿಲ್ಲ ತಾನೆ? ಸಾರಿ, ನಾನು ಕೇಳಲೇಬೇಕು."

ಲಾಯರ್ ಸ್ಮಿತಾ ಹೀಗೆ ಕೇಳಿದಾಗ ರೊಟ್ಟಿ ತಟ್ಟುತ್ತಿದ್ದ ಪ್ರಧಾನ ಅರ್ಚಕರ ಹೆಂಡತಿ ಕಮಲವ್ವನ ಕೈ ಹಾಗೆಯೇ ನಿಂತಿತು.

"ನಾಯಿ ಬಿಡವ್ವಾ, ಈ ಮನ್ಯಾಗ ಇಲಿ ಸುದ್ದಾ ನನ್ನ ಕೇಳಿ ಒಳಗ ಬರ್ತೈತಿ. ಮುಂದಿಂದು ಓದು."

"ಹದಿನೈದು. ಪುಡಿ ಹಚ್ಚಿದ ವಿಗ್ ಹಾಕ್ಕೊಂಡು ಊಟಕ್ಕೆ ಕೂರಬಾರದು."

"ವಿಗ್ಗಿಲ್ಲ. ನಮ್ಮ ಅಯ್ಯನವರ ತಲಿ ನೀನ ನೋಡಿಯಲ್ಲ, ತಾಮ್ರದ ತಂಬಿಗಿ ಇದ್ದಂಗ ಐತಿ. ಪುಡಿ ಅಂದ್ರ ವಿಭೂತಿ ಹಚ್ಚತಾರ. ಅದು ನಡೀತೈತಿಲ್ಲೊ?"

ಸ್ಮಿತಾಗೆ ನಗು ಬಂದು ಚಟ್ನಿಪುಡಿ ನೆತ್ತಿಗೇರಿತು. ಕಮಲವ್ವ ನೀರಿನ ಲೋಟ ಮುಂದೆ ಸರಿಸಿ ಮತ್ತೆ ಪಟಪಟ ತಟ್ಟತೊಡಗಿದಳು.

ಹಿಲ್ಸ್‌ಬರೋದ ವೀರಭದ್ರೇಶ್ವರ ಗುಡಿಯ ಅರ್ಚಕರಿಗೆ ಬೇಟೆನಾಯಿಯ ಚಿಂತೆ ಯಾಕೆ ಬಂತು ಅಂದರೆ, ಅದರ ಪುಣ್ಯವೆಲ್ಲ ಅಧ್ಯಕ್ಷ ದ್ವಾರಕಾನಾಥರಿಗೆ ಸೇರಬೇಕು. ಗುಡಿ ಮೊದಲು ಚರ್ಚಾಗಿತ್ತು. ಭಕ್ತರು ಕರಗಿ ಕರಗಿ ಬೆಂಚುಗಳಷ್ಟೇ ಉಳಿದಾಗ, ಕಡಲು ದಾಟಿ ಬಂದು ನೆಲೆಸಿದ್ದ ಕನ್ನಡದವರು ಅದನ್ನು ಕೊಂಡರು. ಪಕ್ಕದಲ್ಲಿದ್ದ ಪಾದ್ರಿಯ ಮಹಡಿ ಮನೆಯೂ ಜೊತೆಗೆ ಬಂತು. ಗುಡಿಗೆ ನಿಯಮಾವಳಿ ಬರೆಯಬೇಕಾದಾಗ ದ್ವಾರಕಾನಾಥರು ಮೈಸೂರಿನ ಮಿತವ್ಯಯ ತೋರಿಸಿದರು. ವಕೀಲರಿಗೆ ಯಾಕೆ ಸುಮ್ಮನೆ ದುಡ್ಡು? ಚರ್ಚಿನವರು ಬಿಟ್ಟುಹೋದ ನಿಯಮಾವಳಿಯನ್ನೇ ಕಂಪ್ಯೂಟರಿಗೆ ಹಾಕಿ, ಪಾದ್ರಿ ಇದ್ದಲ್ಲೆಲ್ಲ 'ಪ್ರಧಾನ ಅರ್ಚಕ' ಎಂದು, ಬಿಷಪ್ ಇದ್ದಲ್ಲೆಲ್ಲ 'ಅಧ್ಯಕ್ಷ' ಎಂದು ಒಂದೇ ಏಟಿಗೆ ಬದಲಾಯಿಸಿ, ಮಧ್ಯಾಹ್ನದ ಕಾಫಿಯೊಳಗೆ ಕೆಲಸ ಮುಗಿಸಿದರು. ಆ ಪಾದ್ರಿಗಳ ಪೂರ್ವಿಕನೂ ಇವರ ಹಾಗೆಯೇ ಮಿತವ್ಯಯಿಯಾಗಿದ್ದನೆಂದು ಯಾರಿಗೆ ಗೊತ್ತು? ಅವನು ಇಂಗ್ಲೆಂಡಿನ ತನ್ನ ಊರಿನ ದೊಡ್ಡ ಚರ್ಚಿನ ನಿಯಮಗಳನ್ನು, ಇನ್ನೂರೈವತ್ತು ವರ್ಷದ ಹಿಂದಿನವನ್ನು, ನಾಯಿ ವಿಗ್ಗು ಸಮೇತ ಎತ್ತಿಕೊಂಡು ಬಂದಿದ್ದ. ಹನ್ನೊಂದು ವರ್ಷ ಅದನ್ನು ಯಾರೂ ಓದಲಿಲ್ಲ. ನಿಯಮಾವಳಿಯನ್ನು ಓದುವವನು ಜಗಳವಾಡುವವನೇ.

ಜಗಳ ತಂದವನು ಎರಡನೆಯ ಅರ್ಚಕ ಶಿವಪ್ರಸಾದ. ಅವನ ಬೆರಳು ನಿಂತದ್ದು ಒಂಬತ್ತನೆಯ ನಿಯಮದ ಮೇಲೆ.

"ಅದನ್ನ ಇನ್ನೊಮ್ಮೆ ಓದವ್ವಾ," ಎಂದಳು ಕಮಲವ್ವ.

ಸ್ಮಿತಾ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ನಿಧಾನವಾಗಿ ಓದಿದಳು. ಅವಳು ಹುಟ್ಟಿದ್ದೇ ಈ ದೇಶದಲ್ಲಿ, ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ. ಕನ್ನಡ ಚೆನ್ನಾಗಿ ಬಂದರೂ ಅಲ್ಲಲ್ಲಿ ಬ್ರೇಕ್ ಹಾಕುತ್ತಿತ್ತು. "ಪ್ರಧಾನ ಅರ್ಚಕರು ಈ ಮನೆಯಲ್ಲೇ ವಾಸ ಇರಬೇಕು. ವಿಂಟರ್‌ನಲ್ಲಿ ಹೊರಗೆ ಮಲಗೋ ಹಾಗಿಲ್ಲ. ಒಲೆ ದಿನಾ ಉರೀಬೇಕು. ಬಾಗಿಲು ತಟ್ಟಿದವರನ್ನ ಊಟ ಹಾಕದೆ ಕಳಿಸಬಾರದು. ಹೀಗೆ ಯಾರು ವಾಸ ಇರ್ತಾರೋ, ಅಧಿಕಾರ ಅವರಿಗೇ. ಇಲ್ಲಾಂದ್ರೆ ಅಧಿಕಾರ, ಮನೆ ಎರಡೂ ಮುಂದಿನವರಿಗೆ ಹೋಗುತ್ತೆ."

"ಮುಂದಿನವರು ಅಂದ್ರ ಶಿವಪ್ರಸಾದ."

"ಹೌದು. ಭಾನುವಾರ ಹಿಯರಿಂಗ್. ಎರಡೂ ಕಡೆಯವರು ನನ್ನ ಮಾತಿಗೆ ಒಪ್ಪಬೇಕು ಅಂತ ಸೈನ್ ಮಾಡಿದಾರೆ. ಆಂಟಿ, ಒಂದು ಮಾತು ಕೇಳ್ಲಾ? ಅಂಕಲ್ ಎಲ್ಲಿ?"

"ಅವರಾ? ಹೊರಗ ಹೋಗ್ಯಾರ," ಎಂದಳು ಕಮಲವ್ವ. ಅದು ಸುಳ್ಳಲ್ಲ. ಹೋಗಿ ನಾಲ್ಕು ತಿಂಗಳಾಗಿತ್ತು, ಅಷ್ಟೆ.

ಆ ಕಥೆ ನಾಚಿಕೆಗೇಡಿನದು. ದೀಪಾವಳಿಯ ಹೊತ್ತಿಗೆ ಶರಣಬಸಪ್ಪ ಅಯ್ಯನವರು ಒಂದು ದೊಡ್ಡ ಪೆಟ್ಟಿಗೆ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು. ಮೇಲೆ ಹಿಟ್ಟು ನೀರು ಹಾಕಿ ಗುಂಡಿ ಒತ್ತಿದರೆ ಗುರ್ರೆಂದು ತಿರುಗಿ ಕೆಳಗೆ ರೊಟ್ಟಿ ಉಗುಳುವ ಯಂತ್ರ. ಮೊದಲ ರೊಟ್ಟಿ ಉದುರಿತು. ಅಯ್ಯನವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದರು. "ನಿನ್ನಕಿಂತ ತೆಳ್ಳಗ ಬಂದಾವ ನೋಡ ಕಮಲಾ," ಎಂದರು.

ಹನ್ನೆರಡನೆಯ ವಯಸ್ಸಿನಿಂದ ರೊಟ್ಟಿ ಬಡಿದ ಕೈ ಅದು. ಕೊಪ್ಪಳದ ಸುತ್ತ ಏಳು ಹಳ್ಳಿಯಲ್ಲಿ ಕಮಲವ್ವನ ರೊಟ್ಟಿಯ ಆಚೆ ಹಿಡಿದ ದೀಪ ಈಚೆ ಕಾಣುತ್ತದೆಂಬ ಮಾತಿತ್ತು. "ಹಂಗಾರ ಅದರ ಜೋಡಿನ ಸಂಸಾರ ಮಾಡ್ರಿ," ಎಂದಳು. ಅಯ್ಯನವರಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಯಂತ್ರವನ್ನು ಬಗಲಲ್ಲಿ ಇಟ್ಟುಕೊಂಡು ಕೆಂಡಲ್ ಪಾರ್ಕಿನ ಮಗಳು ಅನುಶ್ರೀಯ ಮನೆಗೆ ಹೋದರು. ಬೆಳಗ್ಗೆ ಕತ್ತಲಿರುವಾಗಲೇ ಕಾರು ಓಡಿಸಿಕೊಂಡು ಬಂದು, ಮನೆಯ ಹಿಂಬಾಗಿಲಿನಿಂದ ಈಗಷ್ಟೇ ಎದ್ದುಬಂದವರ ಹಾಗೆ ಗುಡಿಗೆ ನಡೆಯುವರು. ಸಂಜೆಯ ಮಂಗಳಾರತಿಯಾದ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟು ಮರಳುವರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇಲ್ಲಿ ಉಣ್ಣುವುದೂ ಬಂದ್, ಮಲಗುವುದೂ ಬಂದ್, ಜಗಳ ಮಾತ್ರ ಚಾಲ್ತಿ.

ಈಗ ಭಾನುವಾರ ಸೋತರೆ ಈ ಅಡಿಗೆಮನೆ ಕೈಬಿಟ್ಟು ಹೋಗುತ್ತದೆ. ಪಾದ್ರಿಯ ಕಾಲದ ಕಬ್ಬಿಣದ ಒಲೆ, ಅದರ ಮೇಲೆ ಊರಿಂದ ಹೊತ್ತು ತಂದ ಹಂಚು, ಕಿಟಕಿಯಾಚೆಗೆ ಗುಡಿಯ ಶಿಖರ. ಆಮೇಲೆ ಉಳಿಯುವುದು ಅನುಶ್ರೀಯ ಮನೆಯ ಬೇಸ್‌ಮೆಂಟು. ಅಲ್ಲಿ ಆ ಯಂತ್ರ. ಸವತಿಯ ಮನೆಗೆ ಹೋಗಿ ಇರು ಎಂದ ಹಾಗೆ.

"ಸ್ಮಿತಾ, ಆ ಇಂಗ್ಲೆಂಡಿನವರೂ ಇದಕ್ಕ ಬಡದಾಡಿದ್ರೇನು?"

ಸ್ಮಿತಾಳ ಕಣ್ಣು ಅರಳಿತು. ಎರಡು ವಾರಾಂತ್ಯ ಅವಳು ಅದನ್ನೇ ಓದಿದ್ದಳು. "ಆಂಟಿ, ನೀವು ನಂಬಲ್ಲ. ಸೇಮ್ ಕಥೆ. ಒಬ್ಬ ಪಾದ್ರಿಗೆ ಅಧಿಕಾರ, ಮನೆ ಎಲ್ಲ ಇತ್ತು. ಅವನು ಲಂಡನ್‌ನಲ್ಲಿ ಇಸ್ಪೀಟ್ ಆಡ್ಕೊಂಡಿದ್ದ. ಇನ್ನೊಬ್ಬ ಪಾದ್ರಿ ಕೇಸ್ ಹಾಕಿದ. ಜಡ್ಜ್ ಮುಂದೆ ಪ್ರಶ್ನೆ ಏನು ಗೊತ್ತಾ? ಚಿಮಣಿಯಿಂದ ಹೊಗೆ ಬಂದ್ರೆ ಮನೇಲಿ ಇದಾನೆ ಅಂತ ಲೆಕ್ಕವಾ?"

"ಹೊಗಿ ಹ್ಯಾಂಗ ಬಂತು, ಅವ ಇಸ್ಪೀಟ ಆಡಾಕ ಹೋಗಿದ್ರ?"

"ಅಡಿಗೆಯವಳು ದಿನಾ ಒಲೆ ಹಚ್ಚತಿದ್ಲು. ಬಂದವರಿಗೆಲ್ಲ ಊಟ ಹಾಕ್ತಿದ್ಲು. ಕೇಸ್ ಹಾಕಿದ ಪಾದ್ರೀನೇ ಅಲ್ಲಿ ಊಟ ಮಾಡಿದ್ನಂತೆ! ಅದು ಕೋರ್ಟಲ್ಲಿ ಹೊರಗೆ ಬಂದು, ಇಸ್ಪೀಟಿನವನು ಗೆದ್ದ."

"ಆಕಿ ಹೆಸರೇನು?"

"ಯಾರ್ದು?"

"ಒಲಿ ಹಚ್ಚಿದಾಕಿದು."

ಸ್ಮಿತಾ ಒಂದು ಗಳಿಗೆ ಯೋಚಿಸಿದಳು. "ಬರೆದಿಲ್ಲ, ಆಂಟಿ."

"ಆಕಿಗೇನು ಸಿಕ್ತು?"

"ಏನೂ ಇಲ್ಲ ಅನ್ಸುತ್ತೆ."

ಕಮಲವ್ವ ಮುಂದಿನ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು.

ಮರುದಿನ ಬೆಳಗ್ಗೆ ಹಿಮ ಬಿದ್ದಿತ್ತು. ಶಿವಪ್ರಸಾದ ಹೊರಗೆ ಮೆಟ್ಟಿಲಿನ ಹಿಮ ತೆಗೆಯುತ್ತಿದ್ದ. ಗರ್ಭಗುಡಿಯಲ್ಲಿ ಗಂಡಹೆಂಡಿರಿಬ್ಬರೇ. ನಾಲ್ಕು ತಿಂಗಳಿಂದ ಅವರ ಮಾತುಕತೆಯೆಲ್ಲ ವೀರಭದ್ರನ ಮುಖಾಂತರವೇ ನಡೆಯುತ್ತಿತ್ತು.

"ವೀರಭದ್ರಪ್ಪಾ," ಎಂದಳು ಕಮಲವ್ವ ಹೂವಿನ ಬುಟ್ಟಿ ಇಡುತ್ತ, "ಕೆಲವರ ತಲಿಮ್ಯಾಲಿನ ಸೂರು ಹೋಗೂದೈತಿ. ಅವರಿಗೆ ಖಬರ ಐತೊ ಇಲ್ಲೊ ಕೇಳು."

ಅಯ್ಯನವರು ಗಂಟೆ ಬಾರಿಸುತ್ತ ಹೇಳಿದರು: "ಸ್ವಾಮೀ, ಮನೀಗೆ ಬರ್ರಿ ಅನ್ನೂ ಒಂದು ಮಾತು ಯಾರ ಬಾಯಿಂದರ ಬಂದೀತೇನು ನೋಡು."

"ಯಾರೂ ಯಾರನ್ನೂ ಹೊರಗ ಹಾಕಿಲ್ಲೋ ತಂದೆ. ಯಂತ್ರ ಬಗಲಾಗ ಇಟಗೊಂಡು ತಾವ ಹೋದ್ರು."

"ಆ ಯಂತ್ರ ಯಾರ ಕೈನೋವು ನೋಡಿ ತಂದದ್ದು, ಅದನ್ನೂ ಕೇಳಪ್ಪಾ."

ಕಮಲವ್ವ ಬುಟ್ಟಿಯಿಂದ ಎತ್ತಿದ ಸೇವಂತಿಗೆ ಕೈಯಲ್ಲೇ ಉಳಿಯಿತು. ಬಲ ಮಣಿಕಟ್ಟು ಎರಡು ವರ್ಷದಿಂದ ಹಿಡಿದುಕೊಳ್ಳುತ್ತಿದ್ದದ್ದು ನಿಜ. ಹೇಳಿಕೊಂಡಿರಲಿಲ್ಲ, ಅವರು ನೋಡಿದ್ದಾರೆಂದೂ ತಿಳಿದಿರಲಿಲ್ಲ. ಅಷ್ಟರಲ್ಲಿ ಹೊರಗೆ ಶಿವಪ್ರಸಾದನ ಕೆಮ್ಮು ಕೇಳಿ ಅಯ್ಯನವರು ಮಂತ್ರ ಶುರುಮಾಡಿಬಿಟ್ಟರು.

ಹೊರಗೆ ಬಂದರೆ ಶಿವಪ್ರಸಾದ ಡ್ರೈವ್‌ವೇಯ ಫೋಟೋ ತೆಗೆಯುತ್ತಿದ್ದ. ಜಾಣ ಹುಡುಗ. ಹಿಮ ಬಿದ್ದದ್ದು ರಾತ್ರಿ. ರಸ್ತೆಯಿಂದ ಮನೆಯ ಕಡೆಗೆ ಕಾರಿನ ಚಕ್ರದ ಗುರುತು ಬಂದಿತ್ತು. ಮನೆಯಿಂದ ರಸ್ತೆಗೆ ಹೋದ ಗುರುತು ಇರಲಿಲ್ಲ. ಮನೆಯಲ್ಲೇ ಮಲಗಿದ ಮನುಷ್ಯ ಬೆಳಗ್ಗೆ ಹೊರಗಿನಿಂದ ಬರುವುದು ಹೇಗೆ?

ಕಮಲವ್ವ ಆ ಗುರುತನ್ನೂ ನೋಡಿದಳು, ಹುಡುಗನ ನೀಲಿಗಟ್ಟಿದ ಬೆರಳನ್ನೂ ನೋಡಿದಳು.

"ಏ ತಮ್ಮಾ, ಫೋಟೋ ಒಳಗ ಬಂದು ತಗೀ. ಅಲ್ಲಿ ಬೆಳಕು ಚಲೋ ಐತಿ."

"ಬೇಡಮ್ಮಾ, ನಾನು... ಸುಮ್ನೆ ಸೀನರಿ..."

"ನಮ್ಮ ಕಸದ ಡಬ್ಬಿ ಸೀನರಿಯೇನು? ಬಾ. ರೊಟ್ಟಿ ಬಿಸಿ ಅದಾವ."

ಶಿವಪ್ರಸಾದ ದಾವಣಗೆರೆ ಕಡೆಯವನು. ಬಿಸಿ ರೊಟ್ಟಿ ಎಂಬ ಮಾತಿಗೆ ಬೇಡ ಎನ್ನುವ ಶಕ್ತಿ ಅವನ ವಂಶದಲ್ಲೇ ಇರಲಿಲ್ಲ. ಮೊದಲ ದಿನ ತಲೆ ತಗ್ಗಿಸಿಕೊಂಡು ಉಂಡ. ಎರಡನೆಯ ದಿನ ಚಿಮಣಿಯ ಫೋಟೋ ತೆಗೆಯಲು ಬಂದವನು ಎಣ್ಣೆಗಾಯಿ ಉಂಡು ಹೋದ. ಮೂರನೆಯ ದಿನ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ನೆಟ್ಟಗೆ ಬಂದು ಕುರ್ಚಿ ಎಳೆದುಕೊಂಡ.

ಉಣ್ಣುವ ಬಾಯಿ ಮಾತನ್ನೂ ಆಡುತ್ತದೆ. ಓಲ್ಡ್ ಬ್ರಿಡ್ಜ್‌ನ ಬೇಸ್‌ಮೆಂಟಿನಲ್ಲಿ ಅವನೂ ಅವನ ಹೆಂಡತಿ ಮಂಜರಿಯೂ ಇದ್ದರು. ತಲೆಯ ಮೇಲೇ ಮನೆ ಯಜಮಾನರ ಬಟ್ಟೆ ಒಣಗಿಸುವ ಮಷೀನು. ಅದು ತಿರುಗುವಾಗ ಮಂಜರಿಯ ನರ್ಸಿಂಗ್ ಪುಸ್ತಕ ಮೇಜಿನ ಮೇಲೆ ತಾನಾಗಿ ಜರುಗುತ್ತಿತ್ತು. "ಬೆಳಗ್ಗೆ ರೂಟ್ ಹದಿನೆಂಟರ ಟ್ರಾಫಿಕ್ಕಲ್ಲಿ ಸಿಕ್ಕೊಂಡ್ರೆ ರುದ್ರಾಭಿಷೇಕ ಕಾರಲ್ಲೇ ಮುಗೀತದೆ ಅಮ್ಮಾ. ಇಲ್ಲಿ ಇಷ್ಟು ದೊಡ್ಡ ಮನೆ. ಮಹಡಿ ಮೇಲೆ ಮೂರು ರೂಮು ಖಾಲಿ. ಅಯ್ಯನವರೇ ಇಲ್ಲಿರಲ್ಲ ಅಂದ್ಮೇಲೆ ನಾನು ಕೇಳಿದ್ದು ತಪ್ಪಾ?"

"ತಪ್ಪಲ್ಲ," ಎಂದಳು ಕಮಲವ್ವ. "ಇನ್ನೊಂದು ಚೂರು ಝುಣಕ ಹಾಕ್ಲಿ?"

ಪಾಪ ಅನ್ನಿಸಿತು ನಿಜ. ಆದರೆ ಹಾಕಿದ ಒಂದೊಂದು ಸೌಟಿನ ಹಿಂದೆ ಇಂಗ್ಲೆಂಡಿನ ಆ ಅಡಿಗೆಯವಳು ನಿಂತು ಕಣ್ಣು ಮಿಟುಕಿಸುತ್ತಿದ್ದಳೆಂಬುದೂ ಅಷ್ಟೇ ನಿಜ. ಉಂಡ ಬಾಯಿಯಿಂದಲೇ ಸಾಕ್ಷಿ ಹೇಳಿಸಬೇಕು. ಕರುಣೆ ಮತ್ತು ಕುತಂತ್ರ ಒಂದೇ ಒಲೆಯ ಮೇಲೆ ಬೇಯುವುದಿಲ್ಲ ಅನ್ನುವವರು ಅಡಿಗೆ ಮಾಡಿದವರಲ್ಲ.

ಶನಿವಾರ ಅನುಶ್ರೀ ಫೋನ್ ಮಾಡಿದಳು. "ಅವ್ವಾ, ಪ್ಲೀಸ್, ಅಪ್ಪನ್ನ ವಾಪಸ್ ಕರಕೋ. ಆ ಮಷೀನ್ ರೊಟ್ಟಿ ತಾವು ತಿನ್ನಲ್ಲ, ನಮಗೆ ತಿನ್ನಸ್ತಾರ. ನಮ್ಮನಿಯವರು ಆಫೀಸಿಗೆ ಒಯ್ದು ಅಲ್ಲೇ ಬಿಟ್ಟು ಬರಾಕತ್ಯಾರ."

"ಅವರು ಏನು ತಿಂತಾರ?"

"ಮೊಸರನ್ನ. ಮೂರೂ ಹೊತ್ತು."

ಕಮಲವ್ವನ ಕರುಳು ಚುರ್ ಎಂದಿತು. ಬಾಯಿ ಮಾತ್ರ, "ಮೊಸರು ಆರೋಗ್ಯಕ್ಕ ಚಲೋ," ಎಂದಿತು.

ಭಾನುವಾರ ಗುಡಿಯ ಕೆಳಗಿನ ಹಾಲಿನಲ್ಲಿ ಜನವೋ ಜನ. ಶಿವರಾತ್ರಿಗೂ ಅಷ್ಟು ಮಂದಿ ಸೇರುವುದಿಲ್ಲ. ದ್ವಾರಕಾನಾಥರು ಉಪ್ಪಿಟ್ಟು ಕಾಫಿಯ ವ್ಯವಸ್ಥೆ ಮಾಡಿಸಿ, ಮಧ್ಯದ ಕುರ್ಚಿಯಲ್ಲಿ ಬಿಷಪ್ಪರ ಗಾಂಭೀರ್ಯದಿಂದ ಕೂತಿದ್ದರು. ಒಂದು ಕಡೆ ಶರಣಬಸಪ್ಪ ಅಯ್ಯನವರು; ಅವರಿಗೂ ಕಮಲವ್ವನಿಗೂ ನಡುವೆ ಒಂದು ಖಾಲಿ ಕುರ್ಚಿ. ಇನ್ನೊಂದು ಕಡೆ ಶಿವಪ್ರಸಾದ, ಮಂಜರಿ.

ಚಕ್ರದ ಗುರುತಿನ ಫೋಟೋ ಗೋಡೆಯ ಮೇಲೆ ದೊಡ್ಡದಾಗಿ ಬಿತ್ತು. ಜನ ಉಪ್ಪಿಟ್ಟಿನ ಚಮಚ ತಡೆಹಿಡಿದು ನೋಡಿದರು. ಯಾರೋ, "ಅಬ್ಬಾ, ಪೊಲೀಸ್ ಕೆಲ್ಸಕ್ಕೆ ಹೋಗ್ಬೇಕಿತ್ತು ಇವನು," ಎಂದರು.

"ಆಂಟಿ, ನೀವು ಏನಾದ್ರೂ ಕೇಳ್ತೀರಾ?" ಎಂದಳು ಸ್ಮಿತಾ.

ಕಮಲವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ತಮ್ಮಾ ಶಿವಪ್ರಸಾದ. ಎದಿಮ್ಯಾಲೆ ಲಿಂಗ ಐತಿ, ಸುಳ್ಳು ಹೇಳಬ್ಯಾಡ. ಮಂಗಳವಾರ ನಮ್ಮ ಮನ್ಯಾಗ ನಿನ್ನ ತಾಟಿನ್ಯಾಗ ಏನಿತ್ತು?"

ಶಿವಪ್ರಸಾದ ಕೆಂಪಾದ. "ರೊಟ್ಟಿ. ಎಣ್ಣೆಗಾಯಿ. ಅಗಸೆ ಚಟ್ನಿ."

"ಬುಧವಾರ?"

"ಝುಣಕ."

"ಎರಡ ಸಲ ಹಾಕಿಸಿಕೊಂಡಿ."

"ಮೂರು," ಎಂದ ಸತ್ಯವಂತ.

ಹಾಲಿನಲ್ಲಿ ನಗುವಿನ ಅಲೆ ಎದ್ದಿತು. ಮಂಜರಿ ಗಂಡನ ಕಡೆ ತಿರುಗಿ, "ಓ! ಅದಕ್ಕೇ ಮನೇಲಿ ನನ್ನ ಚಿತ್ರಾನ್ನ ಸೇರ್ತಿರಲಿಲ್ವಾ?" ಎಂದಳು, ಇಡೀ ಹಾಲಿಗೆ ಕೇಳುವ ಹಾಗೆ.

"ಅಂದ್ರೆ," ಸ್ಮಿತಾ ಬೆರಳು ಮಡಿಚಿದಳು, "ಒಲೆ ಉರಿದಿದೆ. ಬಾಗಿಲಿಗೆ ಬಂದವರಿಗೆ ಊಟ ಸಿಕ್ಕಿದೆ. ಕೇಸ್ ಹಾಕಿದವರಿಗೇ ಸಿಕ್ಕಿದೆ."

ದ್ವಾರಕಾನಾಥರು, "ಸರಿ ಮತ್ತೆ, ಮುಗೀತಲ್ಲ," ಎಂದು ಕಾಫಿಯ ಕಡೆ ನೋಡಿದರು.

"ಮುಗೀಲಿಲ್ಲ ಸಾರ್," ಶಿವಪ್ರಸಾದ ಎದ್ದ. "ಅಮ್ಮನ ಅನ್ನ ಉಂಡಿದೀನಿ, ಇಲ್ಲ ಅನ್ನಲ್ಲ. ಆದ್ರೆ ಅಷ್ಟು ದಿನದಲ್ಲಿ ಅಯ್ಯನವರು ಒಂದು ಹೊತ್ತಾದ್ರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ಅವರ ತಾಟು ಗೋಡೆಗೆ ಒರಗಿಸಿದ್ದು ಒರಗಿಸಿದ ಹಾಗೇ ಇತ್ತು. ಅವರೆಲ್ಲಿ ಉಣ್ತಾರೆ, ಎಲ್ಲಿ ಮಲಗ್ತಾರೆ? ಅಮ್ಮನೇ ಹೇಳ್ಲಿ."

ಇದಕ್ಕೂ ಕಮಲವ್ವ ಒಂದು ಉತ್ತರ ಹೊಲಿದು ಇಟ್ಟುಕೊಂಡಿದ್ದಳು: ಅಯ್ಯನವರು ಪೂಜೆ ಮುಗಿದದ್ದೇ ಮಹಡಿಯ ಮೇಲೆ ಮೌನಾನುಷ್ಠಾನಕ್ಕೆ ಕೂರುತ್ತಾರೆ, ಒಂದೇ ಹೊತ್ತು ಹಾಲು. ಯಾರೂ ಎದುರಾಡುವ ಹಾಗಿರಲಿಲ್ಲ. ಬಾಯಿ ತೆರೆದಳು. ಆದರೆ ಈಗಷ್ಟೇ ಒಬ್ಬ ಹುಡುಗನಿಗೆ ಲಿಂಗದ ಆಣೆ ನೆನಪಿಸಿದ ಬಾಯಿ ಅದು. ತನ್ನ ಎದೆಯ ಮೇಲಿನ ಲಿಂಗವೂ ಒಮ್ಮೆ ಅಲುಗಿದಂತಾಯಿತು. ಬಾಯಿ ಮುಚ್ಚಿ ಕೂತುಬಿಟ್ಟಳು.

ಆಗ ಅಯ್ಯನವರು ಎದ್ದು ನಿಂತರು.

"ಕೆಂಡಲ್ ಪಾರ್ಕಿನ್ಯಾಗ," ಎಂದರು. "ಮಗಳ ಮನ್ಯಾಗ. ನಾಲ್ಕು ತಿಂಗಳಾತು."



"ಯಾಕೆ ಅಂಕಲ್? ಹೆಲ್ತಾ?" ಎಂದಳು ಸ್ಮಿತಾ.

"ಇಲ್ಲವ್ವಾ. ರೊಟ್ಟಿ ಯಂತ್ರ." ಅಯ್ಯನವರು ಹೆಗಲ ಮೇಲಿನ ಶಾಲಿನಿಂದ ಬೋಳುತಲೆ ಒರೆಸಿಕೊಂಡರು. "ಇಕಿ ಕೈ ನೋಯತಾವ ಅಂತ ತಂದೆ. ತಂದವ ಸುಮ್ಮನಿರಬೇಕಿತ್ತು. ಯಂತ್ರದ್ದು ತೆಳ್ಳಗ ಬರ್ತಾವ ಅಂದೆ."

ಹಾಲಿನ ಹೆಂಗಸರ ಕಡೆಯಿಂದ "ಅಯ್ಯೋ!" ಎಂಬ ಒಂದೇ ಉದ್ಗಾರ ಹೊರಟಿತು, ಕೊಲೆ ಸುದ್ದಿ ಕೇಳಿದ ಹಾಗೆ. ಗಂಡಸರಲ್ಲಿ ಕೆಲವರು ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ತಿನ್ನತೊಡಗಿದರು. ಅವರ ಮನೆಗಳಲ್ಲೂ ಇಂಥ ಮಾತುಗಳು ಬಂದುಹೋಗಿದ್ದಿರಬೇಕು.

ಸ್ಮಿತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ದುಃಖ ನಗು ಎರಡೂ ಒಟ್ಟಿಗೇ ಇದ್ದವು. "ಐ ಆಮ್ ಸಾರಿ, ಅಂಕಲ್. ವಿಂಟರ್ ಪೂರ್ತಿ ನೀವು ಹೊರಗೆ ಮಲಗಿದೀರ. ರೂಲ್ ಒಂಬತ್ತರ ಪ್ರಕಾರ ಅಧಿಕಾರ ನಿಮ್ಮ ಕೈ ಬಿಟ್ಟಿತು."

ಶಿವಪ್ರಸಾದ ಗೆದ್ದವನಂತೆ ಕಾಣಲಿಲ್ಲ. ನೆಲ ನೋಡುತ್ತಿದ್ದ. ದ್ವಾರಕಾನಾಥರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಪ್ರಧಾನ ಅರ್ಚಕ ಶ್ರೀ ಶಿವಪ್ರಸಾ..." ಎಂದು ಶುರುಮಾಡಿದರು.

"ತಡೀರಿ," ಎಂದಳು ಕಮಲವ್ವ.

ಅವಳು ಮೆಲ್ಲಗೆ ಎದ್ದಳು. ಕಳೆದುಕೊಳ್ಳುವುದು ಏನೂ ಉಳಿದಿಲ್ಲವೆಂದು ತಿಳಿದಾಗ ಮನುಷ್ಯರಿಗೆ ಒಂದು ಥರದ ಹಗುರ ಬರುತ್ತದೆ. "ಸ್ಮಿತಾ, ಆ ನಿಯಮದ ಕಡೀ ಮಾತು ಓದವ್ವಾ. ಯಾರಿಗೆ ಅಧಿಕಾರ ಅಂತಿ?"

"ಹೀಗೆ ಯಾರು ವಾಸ ಇರ್ತಾರೋ..." ಸ್ಮಿತಾ ಅಲ್ಲಿಗೇ ನಿಂತಳು. ತಲೆ ಎತ್ತಿ ಕಮಲವ್ವನನ್ನು ನೋಡಿದಳು. ಇನ್ನೂರೈವತ್ತು ವರ್ಷದ ಆಚೆಯಿಂದ ಯಾರೋ ಒಲೆ ಊದುತ್ತಿರುವುದು ಅವಳಿಗೂ ಕೇಳಿಸಿರಬೇಕು.

"ಈ ಥಂಡ್ಯಾಗ ಆ ಮನ್ಯಾಗ ಮಲಗಿದಾಕಿ ಯಾರು?"

"ನೀವು."

"ಒಲಿ ಹಚ್ಚಿದಾಕಿ?"

"ನೀವು."

"ಬಾಗಲಾ ತಟ್ಟಿದವರಿಗೆ ಉಣಿಸಿದಾಕಿ? ತಮ್ಮಾ ಶಿವಪ್ರಸಾದ, ನೀನ ಹೇಳಪ್ಪಾ."

"ನೀವೇ ಅಮ್ಮಾ," ಎಂದ ಶಿವಪ್ರಸಾದ. "ಮೂರು ಸಲ."

ದ್ವಾರಕಾನಾಥರ ಕಾಫಿ ತಟ್ಟೆಗೆ ಚೆಲ್ಲಿತು. "ಕಮಲಮ್ಮೋರೇ, ಇದೇನ್ ತಮಾಷೆ? ಹೆಂಗಸರು ಪ್ರಧಾನ ಅರ್ಚಕರಾಗೋದಾ? ಎಲ್ಲಾದ್ರೂ ಉಂಟಾ?"

"ನಿಮ್ಮ ನಿಯಮದಾಗ ನಾಯಿ ಬ್ಯಾಡ ಅಂತ ಐತಿ, ವಿಗ್ ಬ್ಯಾಡ ಅಂತ ಐತಿ. ಹೆಂಗಸು ಬ್ಯಾಡ ಅಂತ ಎಲ್ಲೈತಿ ತೋರಸ್ರಿ ನೋಡೂಣು."

ಸ್ಮಿತಾ ಇಲ್ಲವೆಂದು ತಲೆಯಾಡಿಸಿದಳು. ಖುಷಿ ಮುಚ್ಚಿಡಲು ಅವಳಿಗೆ ಬರಲಿಲ್ಲ.

"ಪೂಜೆ ಬರಬೇಡ್ವಾ?" ಎಂದರು ದ್ವಾರಕಾನಾಥರು, ಕೊನೆಯ ಆಸೆಯಿಂದ.

ಆಗ ಅಯ್ಯನವರ ದನಿ ಬಂತು. "ನನ್ನ ಮಂಡಿ ಆಪರೇಷನ್ ಆದಾಗ ಒಂದೂವರಿ ತಿಂಗಳು ಪೂಜಾ ಯಾರು ಮಾಡಿದ್ರು ಅಂತ ತಿಳದೀರಿ ಅಧ್ಯಕ್ಷರ? ನೀವ ಬಂದು ತೀರ್ಥ ತಗೊಂಡು, ಮಂತ್ರ ಇವತ್ತು ಭಾಳ ಸ್ಪಷ್ಟ ಬಂತು ಅಂದು ಹೋಗಿದ್ರಿ. ಪರದೆ ಹಿಂದ ಇಕಿ ಇದ್ದಳು."

ಜನ ಚಪ್ಪಾಳೆ ಹೊಡೆದರು. ದ್ವಾರಕಾನಾಥರಿಗೆ ತಾವೂ ಹೊಡೆಯುವುದೇ ಕ್ಷೇಮವೆಂದು ತೋರಿತು.

ಸ್ಮಿತಾ ಮೇಜು ತಟ್ಟಿ ತೀರ್ಪು ಹೇಳಿದಳು. ಕಮಲವ್ವ ತಕ್ಷಣ ಅಧಿಕಾರ ಚಲಾಯಿಸಿದಳು: "ಯುಗಾದಿತನಕ ನಾನ ಪ್ರಧಾನ. ಅಷ್ಟರಾಗ ಅಧ್ಯಕ್ಷರು ಕುಂತು ಸ್ವಂತ ತಲಿಯಿಂದ ಹೊಸಾ ನಿಯಮ ಬರೀಬೇಕು, ನಾಯಿ ಬಿಟ್ಟು. ಮಂಜರಿ, ಇವತ್ತ ಸಂಜಿಗೆ ಸಾಮಾನು ತಗೊಂಡು ಬಂದು ನಮ್ಮ ಮಹಡಿ ಸೇರ್ರಿ. ನಿನ್ನ ಪುಸ್ತಕ ಅಲ್ಲಿ ಜರಗೂದಿಲ್ಲ."

ಶಿವಪ್ರಸಾದ ಬಂದು ಕಾಲಿಗೆರಗಿದ. ಖಾಲಿ ಕುರ್ಚಿಯಾಚೆ ಅಯ್ಯನವರು ಕೇಳಿದರು, ಈ ಸಲ ವೀರಭದ್ರನ ಮುಖಾಂತರವಲ್ಲ: "ಮತ್ತ ನನಗೇನು ಅಪ್ಪಣಿ?"

"ನಿಮಗೇನಿಲ್ಲ," ಎಂದಳು ಪ್ರಧಾನ ಅರ್ಚಕಿ. "ನಿಯಮ ಓದಿಕೊಳ್ರಿ."

ಅವರು ಓದಿಕೊಂಡಿದ್ದರು. ಸಂಜೆ ಒಲೆಗೆ ಹಂಚು ಏರಿಸುವ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದ ಸದ್ದಾಯಿತು.

"ಯಾರು?"

"ಬಾಗಲಾ ತಟ್ಟಿದವ. ಉಣಿಸದ ಕಳಸೂ ಹಂಗಿಲ್ಲಂತ."

ಬಾಗಿಲು ತೆರೆದಳು. ಶಾಲು ಹೊದ್ದ ಅಯ್ಯನವರು, ಬಗಲಲ್ಲಿ ಅದೇ ಪೆಟ್ಟಿಗೆ.

"ಅತಿಥಿ ಬರಬಹುದು. ಅದು ಬರೂ ಹಂಗಿಲ್ಲ."

"ಎಲ್ಲಿ ಇಡ್ಲಿ?"

"ರಸ್ತೆ ಬಾಜೂಕ. ಟಪಾಲ ಡಬ್ಬಿ ಹಂತೇಕ. ಫ್ರೀ ಅಂತ ಬರದು ಇಡ್ರಿ. ಯಾರರ ತೆಳ್ಳಗ ಬೇಕಾದವರು ಒಯ್ಯಲಿ."

ಅವರು ಹಿಮದಲ್ಲಿ ಕಾಲೆಳೆಯುತ್ತ ಹೋಗಿ ಇಟ್ಟು ಬಂದರು. ಗೋಡೆಗೆ ಒರಗಿಸಿದ್ದ ತಾಟನ್ನು ತಾವೇ ತೆಗೆದುಕೊಂಡು ಒರೆಸಿ ಕೂತರು. ಮೊದಲ ರೊಟ್ಟಿ ತಾಟಿಗೆ ಬಿತ್ತು. ಮುರಿದರು, ಬಾಯಿಗಿಟ್ಟರು, ಕಣ್ಣು ಮುಚ್ಚಿದರು.

"ಕೈ ಹ್ಯಾಂಗೈತಿ?"

"ನೋಯತೈತಿ."

"ನಾಳಿಂದ ಹಿಟ್ಟು ನಾ ನಾದತೀನಿ."

"ನಾದ್ರಿ. ಮದ್ಲ ಇದನ್ನ ಹೇಳ್ರಿ. ಯಾವುದು ತೆಳ್ಳಗ?"

"ಕಮಲಾ, ಆ ಯಂತ್ರದ್ದು ತೆಳ್ಳಗ ಇತ್ತು, ಖರೆ. ಪೋಸ್ಟಿನ್ಯಾಗ ಬರೂ ಜಾಹೀರಾತಿನ ಕಾಗದ ಇದ್ದಂಗ. ನಾಲ್ಕು ತಿಂಗಳು ಮೊಸರನ್ನ ತಿಂದೀನಿ."

"ಗೊತ್ತೈತಿ," ಎಂದಳು ಕಮಲವ್ವ, ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಳ್ಳುತ್ತ.

ಹೊರಗೆ ಶಿವಪ್ರಸಾದನ ಕಾರು ಎರಡನೆಯ ಟ್ರಿಪ್ ಮುಗಿಸಿ ಬಂದ ಬೆಳಕು ಕಿಟಕಿಯ ಮೇಲೆ ಹಾದುಹೋಯಿತು. ಟಪಾಲು ಡಬ್ಬಿಯ ಬಳಿ ಅದು ಒಂದು ಗಳಿಗೆ ನಿಂತಿತು. ಮಂಜರಿಯ ಸಂತೋಷದ ದನಿ ಕೇಳಿತು. ಡಿಕ್ಕಿ ಮುಚ್ಚಿದ ಸದ್ದು. ಆಮೇಲೆ ಮಹಡಿಯ ಮೆಟ್ಟಿಲಿನ ಮೇಲೆ ಭಾರ ಹೊತ್ತ ಕಾಲುಗಳು ಏರಿದವು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯ ನೆತ್ತಿಯ ಮೇಲೆ ಸರಿಯಾಗಿ ಏನೋ ಗುರ್ರೆಂದು ತಿರುಗಿ, ಟಪ್ ಎಂದು ಏನೋ ಉದುರಿತು.

ರೊಟ್ಟಿಯ ಮೇಲೆ ಕಮಲವ್ವನ ಕೈ ಹಾಗೆಯೇ ನಿಂತಿತು. ಅಯ್ಯನವರು ಒಮ್ಮೆ ಚಾವಣಿ ನೋಡಿ, ಅವಸರದಿಂದ ತಾಟಿನ ಮೇಲೆ ಬಗ್ಗಿ, ಬಾಯಿ ತುಂಬ ರೊಟ್ಟಿ ತುರುಕಿಕೊಂಡರು.